ಹೊಳೆಯುವ ಕತ್ತರಿಗೆ ನಾನು ಬರೆದ ಶರಾ

ಆರೋಗ್ಯ ನಿರೀಕ್ಷಕರ ಹುದ್ದೆಗೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಹೊಳನಗದ್ದೆಯ ನಮ್ಮ ಮನೆಗೆ ಬರುವುದುಂಟು. ಕಷಾಯ ಕುಡಿದು, ಲೋಟ ಕೆಳಗಿಟ್ಟು, ಅವರು ಸಂಕೋಚದಿಂದ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಸರ್, ತಪಾಸಣೆಗೆ ಹೋದ್ರೆ ಮೊದಲು ಎಂತ ನೋಡ್ಬೇಕು?" ಈ ಪ್ರಶ್ನೆಗೆ ನಾನು ಹಿಂದೆ ಮುಕ್ಕಾಲು ಗಂಟೆ ಉತ್ತರಿಸುತ್ತಿದ್ದೆ. ಈಗ ಒಂದು ಉಗುರಿನ ಕಥೆ ಹೇಳುತ್ತೇನೆ. ಎಲ್ಲರಿಗೂ ಬಾಯಲ್ಲಿ ಹೇಳುವ ತ್ರಾಣ ಕಡಿಮೆಯಾಗುತ್ತಿರುವುದರಿಂದ ಅದನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವುಗಳ ವಿವರ ಇಲ್ಲಿಲ್ಲ. ಅವುಗಳಿಂದ ಯಾವ ರೋಗವೂ ವಾಸಿಯಾದದ್ದನ್ನು ನಾನು ಕಂಡಿಲ್ಲ.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟುವಾಗಿದ್ದೆ. ವಿಷಯದ ಪರ ಮಾತನಾಡಿ ಒಂದು ಫಲಕ, ಮರುವರ್ಷ ಅದೇ ವಿಷಯದ ವಿರೋಧ ಮಾತನಾಡಿ ಇನ್ನೊಂದು ಫಲಕ ಗೆದ್ದವನಿಗೆ, ಸಮಾಜದ ಕೊಳೆಯನ್ನು ಕೇವಲ ಸಮರ್ಥ ವಾದದಿಂದ ತೊಳೆಯಬಹುದೆಂಬ ನಂಬಿಕೆ ಬಂದದ್ದು ಸಹಜವೇ. ಇಲಾಖೆಗೆ ಬಂದ ಮೇಲೂ ಆ ನಂಬಿಕೆ ಹೋಗಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಕೂಡ "ಮೊದಲನೆಯದಾಗಿ" ಎಂದೇ ಆರಂಭಿಸುತ್ತಿದ್ದೆ. ನನ್ನ ಮೇಲಧಿಕಾರಿಯಾಗಿದ್ದ ವೈದ್ಯರು, ಮಿತಭಾಷಿ, ಒಮ್ಮೆ ನನ್ನ ಭಾಷಣವನ್ನು ಕೊನೆಯವರೆಗೆ ಕೇಳಿ ಹೇಳಿದರು: "ನಿಮ್ಮ ವಾದಕ್ಕೆ ಯಾವ ರೋಗಾಣುವೂ ಎದುರು ನಿಲ್ಲೂದಿಲ್ಲ ಮಾರಾಯ್ರೆ. ಆದ್ರೆ ಅದಕ್ಕೆ ಕಿವಿ ಇಲ್ಲ, ಅದೊಂದೇ ತೊಂದರೆ."

ನನ್ನ ಸೇವೆಯ ಬಹುಭಾಗ ಬಾವಿಗಳಿಗೆ ಔಷಧಿ ಹಾಕಿಸುವುದು, ಹೋಟೆಲುಗಳ ನೀರಿನ ತೊಟ್ಟಿ ಇಣುಕುವುದು, ಕ್ಷೌರದಂಗಡಿಗಳಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕಿಸುವುದು, ಇವುಗಳಲ್ಲೇ ಕಳೆಯಿತು. ಕೊನೆಯ ವರ್ಷಗಳಲ್ಲಿ ನಮ್ಮ ಕರಾವಳಿಗೆ ಉಗುರಿನ ಪಾರ್ಲರುಗಳು ಬಂದವು. ಮೊದಲು ಭಟ್ಕಳದಲ್ಲಿ, ಮದುವೆಮನೆಗಳ ನೆರಳಿನಲ್ಲಿ, ಮದರಂಗಿಯ ಬೆನ್ನಿಗೇ. ಆಮೇಲೆ ಹೊನ್ನಾವರ, ಕುಮಟಾ. ಅಂಟಿಸುವ ಉಗುರು, ನೀಲಿ ದೀಪದಡಿ ಗಟ್ಟಿಯಾಗುವ ಬಣ್ಣ, ಕಾಲನ್ನು ಬಿಸಿನೀರಿನಲ್ಲಿ ನೆನೆಸಿ ಉಜ್ಜುವ ಉಪಚಾರ. ಕಚೇರಿಯಲ್ಲಿ ಎಲ್ಲರೂ ನಕ್ಕರು. "ಬಣ್ಣ ಹಚ್ಚುದ್ರಲ್ಲಿ ಎಂತ ರೋಗ ಅದೆ?" ಎಂದು ಕೇಳಿದರು.

ಇರುವುದು ಬಣ್ಣದಲ್ಲಲ್ಲ. ಉಗುರಿನ ಬುಡದಲ್ಲಿ ತೆಳುವಾದ ಚರ್ಮದ ಅಂಚೊಂದಿದೆಯಷ್ಟೆ. ಅದು ಒಳಗಿನ ಮಾಂಸಕ್ಕೂ ಹೊರಗಿನ ಕೊಳೆಗೂ ನಡುವೆ ಇರುವ ಕದ. ಅಂದಕ್ಕಾಗಿ ಅದನ್ನು ಕತ್ತರಿಸಿದರೆ ಅಥವಾ ಒತ್ತಿ ಹಿಂದಕ್ಕೆ ತಳ್ಳಿದರೆ ಕದ ತೆರೆದಂತೆ. ಕಣ್ಣಿಗೆ ಕಾಣದಷ್ಟು ರಕ್ತ ಕತ್ತರಿಯ ಸಂದಿನಲ್ಲಿ ಉಳಿದರೂ ಒಬ್ಬರ ಕಾಮಾಲೆಯ ವೈರಾಣು ಇನ್ನೊಬ್ಬರನ್ನು ತಲುಪಬಹುದು. ಶಿಲೀಂಧ್ರ ಉಗುರುಜ್ಜುವ ಪಟ್ಟಿಯಲ್ಲಿ ಕುಳಿತು ಪ್ರಯಾಣ ಮಾಡುತ್ತದೆ. ಕೀವಿನ ಉಗುರುಸುತ್ತಂತೂ ನಮ್ಮ ಕಡೆ ಎಲ್ಲರಿಗೂ ಪರಿಚಿತ. ಇದನ್ನೆಲ್ಲ ಓದಿ ತಿಳಿದ ದಿನ ನನಗೆ ಹೊಸ ಚರ್ಚಾವಿಷಯ ಸಿಕ್ಕ ಸಂತೋಷವಾಯಿತು ಎಂಬುದನ್ನು ಮುಚ್ಚಿಡಲಾರೆ.

ಕುಮಟಾದ ಒಂದು ಪಾರ್ಲರಿನಿಂದ ನನ್ನ ಆಂದೋಲನ ಆರಂಭವಾಯಿತು. ಅದರ ಒಡತಿ ತೋಟದ ಮನೆಯ ಸೊಸೆ, ವಿದ್ಯಾವಂತೆ, ನಮ್ಮ ಮನೆಮಾತಿನವರೇ. ಪರದೆಯ ಹೊರಗಿನ ಕೋಣೆಯಲ್ಲಿ, ಗೋಡೆಯ ಬದಿಗೆ ನೀಲಿ ಬೆಳಕು ಬೀರುವ ಗಾಜಿನ ಪೆಟ್ಟಿಗೆಯೊಂದಿತ್ತು. ಉಪಕರಣಗಳನ್ನು ಅದರಲ್ಲಿಟ್ಟರೆ ರೋಗಾಣು ಸಾಯುತ್ತವೆಂದು ಮಾರಿದವರು ಹೇಳಿದ್ದರಂತೆ. ಬೆಳಕು ಬಿದ್ದ ಮೇಲ್ಮೈಗಷ್ಟೇ ಅದರ ಪ್ರಭಾವ, ಕೊಳೆ ಅಂಟಿದ ಕತ್ತರಿಯನ್ನು ಅದು ಶುದ್ಧಗೊಳಿಸದು ಎಂದು ವಿವರಿಸಲು ನಾನು ಗಂಟಲು ಸರಿಪಡಿಸಿಕೊಂಡು ಪೆಟ್ಟಿಗೆಯ ಬಾಗಿಲು ತೆರೆದೆ. ಒಳಗೆ ಕತ್ತರಿ ಇರಲಿಲ್ಲ. ಹಲಸಿನ ಹಪ್ಪಳದ ಕಟ್ಟೊಂದು ನೀಲಿ ಪ್ರಭೆಯಲ್ಲಿ ಶೋಭಿಸುತ್ತಿತ್ತು.

"ಎಂತದು ಇದು?" ಎಂದೆ.

"ಹಪ್ಪಳ," ಎಂದರು ಆಕೆ, ನನ್ನ ಅಜ್ಞಾನಕ್ಕೆ ಮರುಗಿ. "ಮಳೆಗಾಲದಲ್ಲಿ ಎಲ್ಲಿಟ್ರೂ ಮೆತ್ತಗಾಗ್ತು. ಇದ್ರೊಳಗೆ ಬೆಚ್ಚಗೆ ಇದ್ದು, ಗರಿಗರಿ ಉಳೀತು. ನಿಂಗಳ ಮನೆಲೂ ಒಂದು ಇಟ್ಗಳಿ."

"ಹಾಗಾದ್ರೆ ಕತ್ತರಿ ಎಲ್ಲಿದ್ದು?"

"ಅದ್ಕೆ ಮಳೆಗಾಲದಲ್ಲಿ ಎಂತ ಆಗ್ತಿಲ್ಲೆ. ಡಬ್ಬೀಲಿದ್ದು."

ಆ ದಿನ ನಾನು ಹೇಳಬೇಕಾದ ಮಾತನ್ನು ಹಪ್ಪಳವೇ ಹೇಳಿಬಿಟ್ಟಿತು. ಪೆಟ್ಟಿಗೆ ಹಪ್ಪಳಕ್ಕೆ ಮೀಸಲಾಗಿ, ಕತ್ತರಿಗೆ ಕುದಿಯುವ ನೀರು ಎಂದು ತೀರ್ಮಾನವಾಯಿತು.

ಇನ್ನು ನಮ್ಮ ತಪಾಸಣೆಯ ವಿಧಾನ. ಈ ಪಾರ್ಲರುಗಳ ಬಾಗಿಲಿಗೆ "ಮಹಿಳೆಯರಿಗೆ ಮಾತ್ರ" ಎಂಬ ಫಲಕ, ಅದರ ಹಿಂದೆ ದಪ್ಪ ಪರದೆ. ಭಟ್ಕಳದಲ್ಲಂತೂ ಒಳಗೆ ಕುಳಿತವರು ಬುರ್ಖಾ ತೆಗೆದಿಟ್ಟು ಆರಾಮವಾಗಿರುವ ಸ್ಥಳ ಅದು; ಗಂಡಸೊಬ್ಬ ರಿಜಿಸ್ಟರು ಹಿಡಿದು ನುಗ್ಗುವುದು ಯಾರಿಗೂ ಒಪ್ಪಿಗೆಯಲ್ಲ, ನನಗೂ ಅಲ್ಲ. ಹಾಗಾಗಿ ಒಂದು ಪದ್ಧತಿ ತಾನಾಗಿ ಬೆಳೆಯಿತು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು. ಒಳಗಿನಿಂದ ಉಪಕರಣಗಳು ಸ್ಟೀಲಿನ ತಟ್ಟೆಯಲ್ಲಿ, ಬಿಳಿ ಬಟ್ಟೆಯ ಮೇಲೆ, ಹೆಣ್ಣು ನೋಡಲು ಬಂದವರಿಗೆ ತಿಂಡಿ ತಂದ ಹಾಗೆ ನನ್ನೆದುರಿಗೆ ಬರುವುದು. ನಾನು ಒಂದೊಂದನ್ನು ಬೆಳಕಿಗೆ ಹಿಡಿದು ಶರಾ ಬರೆಯುವುದು. ಇದು ಎಲ್ಲರ ಮರ್ಯಾದೆಯನ್ನೂ ಕಾಪಾಡುವ ಅತ್ಯುತ್ತಮ ವ್ಯವಸ್ಥೆಯೆಂದು ನಾನು ಒಂದು ತರಬೇತಿ ಶಿಬಿರದಲ್ಲಿ ಪ್ರತಿಪಾದಿಸಿ ಚಪ್ಪಾಳೆಯನ್ನೂ ಪಡೆದಿದ್ದೆ.

ಹೊನ್ನಾವರದಲ್ಲಿ ಶೋಭಾ ಎಂಬ ಹೆಣ್ಣುಮಗಳ ಪಾರ್ಲರಿತ್ತು. ಅವಳ ಊರು ಅಘನಾಶಿನಿ. ತಾಯಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಚಿಪ್ಪು ಬಿಡಿಸಿ ಮಾರಿ ಮಗಳನ್ನು ಓದಿಸಿದವಳು. ಶೋಭಾ ಮಂಗಳೂರಿನಲ್ಲಿ ಕೆಲಸ ಕಲಿತು ಬಂದು ಒಂದೇ ಕೋಣೆಯ ಅಂಗಡಿ ತೆರೆದಿದ್ದಳು. ಮನೆ ನಡೆಯುತ್ತಿದ್ದುದು ಆ ಕೋಣೆಯಿಂದಲೇ. ನಾನು ಹೇಳಿದ್ದನ್ನು ತಲೆಯಲ್ಲಾಡಿಸಿ ಮರೆಯುವವರ ನಡುವೆ ಅವಳೊಬ್ಬಳು ಅಪವಾದ. ಹೇಳಿದ್ದನ್ನು ಅಕ್ಷರಶಃ ಮಾಡುತ್ತಿದ್ದಳು. ಶಿಷ್ಯೆ ಎಂದರೆ ಹೀಗಿರಬೇಕು ಎಂದು ನಾನು ಹಿಗ್ಗುತ್ತಿದ್ದೆ.

ಕುದಿಸಬೇಕೆಂದು ನಾನು ಆಜ್ಞೆ ಮಾಡಿ ಹದಿನೈದು ದಿನವಾಗಿರಬಹುದು, ಶೋಭಾ ತಟ್ಟೆ ತಂದು ನನ್ನೆದುರು ಇಟ್ಟಳು. ಕತ್ತರಿಗಳ ತುಂಬ ಕೆಂಪು ಚುಕ್ಕೆ.

"ನೋಡಿ ಸರ್, ನಿಮ್ಮ ಮಾತು ಕೇಳಿ ಹಿಂಗಾತು. ನಮ್ಮ ಬಾವಿ ನೀರು ಉಪ್ಪು. ಕುದಿಸಿ ಕುದಿಸಿ ತುಕ್ಕು ಹಿಡ್ದು ಎಲ್ಲ ಕೆಮ್ಮಣ್ಣ ಆಗ್ಯದೆ. ಗಿರಾಕಿ ನೋಡಿದ್ರೆ ಓಡಿ ಹೋಗೂದೇ ಸೈ."

ಕಡಲ ದಂಡೆಯಲ್ಲಿ ಹುಟ್ಟಿದ ಯಾರಿಗಾದರೂ ಇದಕ್ಕೆ ಉತ್ತರ ಗೊತ್ತು. ನಮ್ಮಲ್ಲಿ ಕತ್ತಿ, ಮೆಟ್ಟುಗತ್ತಿ, ಹೊಲಿಗೆ ಯಂತ್ರ, ಬಾಗಿಲ ತಿರುಗಣೆ ಯಾವುದೇ ಇರಲಿ, ಉಪ್ಪುಗಾಳಿಯಿಂದ ಉಳಿಯಬೇಕಾದರೆ ಎಣ್ಣೆ ಸವರಬೇಕು. ಯೋಚಿಸುವ ಅಗತ್ಯವೇ ಕಾಣಲಿಲ್ಲ.

"ಕುದಿಸಿ ಒರೆಸಿದ ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿ ಇಡು," ಎಂದೆ.

ಅವಳ ಮುಖ ಅರಳಿತು. "ಹೌದಲ! ಅಮ್ಮ ಬಳಚಿನ ಕತ್ತಿಗೆ ಅದೇ ಮಾಡ್ತದೆ. ನನಗೆ ಹೊಳೀಲೇ ಇಲ್ಲ."

"ಬರೆದೇ ಕೊಡ್ತೇನೆ," ಎಂದು ಕಚೇರಿಯ ಹಾಳೆಯಲ್ಲಿ ಆರು ಸೂಚನೆಗಳನ್ನು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟೆ. ಮುಂದಿನ ತಪಾಸಣೆಯಲ್ಲಿ ತಟ್ಟೆಯ ಮೇಲಿನ ಕತ್ತರಿಗಳು ಬಿಸಿಲಿಗೆ ಕಣ್ಣು ಕೋರೈಸುವಂತಿದ್ದವು. ರಿಜಿಸ್ಟರಿನಲ್ಲಿ ಬರೆದೆ: "ಉಪಕರಣಗಳು ಹೊಳೆಯುವಷ್ಟು ಸ್ವಚ್ಛವಾಗಿವೆ. ಇತರರಿಗೆ ಅನುಕರಣೀಯ."

ಮಳೆ ಕಳೆದು ಮದುವೆಗಳು ಆರಂಭವಾದವು. ಒಂದು ಬೆಳಿಗ್ಗೆ ಮೇಲಧಿಕಾರಿಗಳು ಕರೆದು ಒಂದು ಅರ್ಜಿ ಕೈಗಿಟ್ಟರು. ಬರೆದವರು ಸಬಿಹಾ ಎಂಬ ಉಪನ್ಯಾಸಕಿ. ಭಟ್ಕಳದವರು, ಹೊನ್ನಾವರಕ್ಕೆ ದಿನವೂ ಬಸ್ಸಿನಲ್ಲಿ ಬಂದು ಪಾಠ ಮಾಡುವವರು. ತಂಗಿಯ ಮದುವೆಗೆಂದು ಶೋಭಾಳ ಪಾರ್ಲರಿನಲ್ಲಿ ಉಗುರು ಮಾಡಿಸಿಕೊಂಡಿದ್ದರು. ಮೂರನೆಯ ದಿನಕ್ಕೆ ಬಲಗೈಯ ನಡುಬೆರಳು ಊದಿತು, ಕೀವು ತುಂಬಿತು, ಆಸ್ಪತ್ರೆಯಲ್ಲಿ ಕೊಯ್ದು ತೆಗೆಯಬೇಕಾಯಿತು. ಕೊನೆಗೆ ಉಗುರೇ ಕಳಚಿತು. ಅದೇ ವಾರ ಅಲ್ಲಿಗೆ ಹೋಗಿದ್ದ ಇನ್ನಿಬ್ಬರಿಗೂ ಉಗುರುಸುತ್ತು. ಅರ್ಜಿಯ ಕೊನೆಯ ಸಾಲು ಹೀಗಿತ್ತು: "ಈ ಅಂಗಡಿಯನ್ನು ಅನುಕರಣೀಯವೆಂದು ತಮ್ಮ ನಿರೀಕ್ಷಕರು ಬರೆದ ಶರಾದ ಪ್ರತಿಯನ್ನು ನೋಡಿಯೇ ನಾನು ಒಳಗೆ ಹೋದದ್ದು."

ಶೋಭಾ ನನ್ನ ಶರಾದ ಜೆರಾಕ್ಸನ್ನು ಹೊರಬಾಗಿಲಿಗೆ ಅಂಟಿಸಿದ್ದಳೆಂಬುದು ನನಗೆ ತಿಳಿದದ್ದು ಆಗಲೇ.

ನನಗೆ ಬಂದದ್ದು ಸಿಟ್ಟು. ಹೇಳಿದ್ದನ್ನು ಮಾಡಿಲ್ಲ, ನಾನು ಹೋದಾಗ ಮಾತ್ರ ಕುದಿಸಿ ತೋರಿಸಿದ್ದಾಳೆ ಎಂದು ನಿಶ್ಚಯಿಸಿದೆ. ಅಂಗಡಿ ಮುಚ್ಚಿಸುವ ನೋಟಿಸನ್ನು ಸಿದ್ಧಪಡಿಸಿಕೊಂಡು, ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೊರಟೆ. ಮೇಲಧಿಕಾರಿಗಳು ನಾಗವೇಣಿಯವರನ್ನು ಜೊತೆಗೆ ಕಳಿಸಿದರು. ಮನೆಮನೆ ತಿರುಗಿ ಬಾಣಂತಿ, ಕೂಸುಗಳನ್ನು ನೋಡುವ ನಮ್ಮ ಆರೋಗ್ಯ ಕಾರ್ಯಕರ್ತೆ ಅವರು. ಮಾತು ಕಡಿಮೆ, ಕಣ್ಣು ಚುರುಕು.

ನಾನು ಪದ್ಧತಿಯಂತೆ ಹೊರಗಿನ ಕುರ್ಚಿಯಲ್ಲಿ ಕುಳಿತು ನೋಟಿಸು ಓದಲು ಆರಂಭಿಸಿದೆ. ನಾಗವೇಣಿ ಪರದೆ ಸರಿಸಿ ಒಳಗೆ ಹೋದರು. ನಾನು ಮೊದಲ ಪರಿಚ್ಛೇದ ಮುಗಿಸುವುದರೊಳಗೆ ಹೊರಗೆ ಬಂದರು. ಅವರ ಕೈಯಲ್ಲಿ ತಟ್ಟೆ ಇರಲಿಲ್ಲ. ಒಂದು ಚಿಕ್ಕ ಬಟ್ಟಲು, ಒಂದು ಬಟ್ಟೆಯ ತುಂಡು ಇದ್ದವು. ಬಟ್ಟೆ ಎಂದೋ ಬಿಳಿಯಾಗಿದ್ದಿರಬೇಕು. ಬಟ್ಟಲಿನ ಎಣ್ಣೆಯ ತಳದಲ್ಲಿ ಉಗುರಿನ ಪುಡಿ, ಚರ್ಮದ ಸಿಪ್ಪೆ.

"ಸರ್, ಶೋಭಾ ಕುದಿಸ್ತದೆ. ಚೊಲೋ ಕುದಿಸ್ತದೆ," ಎಂದರು ನಾಗವೇಣಿ. "ಕುದಿಸಿ ತೆಗೆದು ಈ ಬಟ್ಟೇಲಿ ಈ ಎಣ್ಣೆ ಸವರ್ತದೆ. ನಡು ನಡುವೆ ಗಿರಾಕಿ ಹೆಚ್ಚಿದ್ರೆ ಕತ್ತರಿ ಬಿಗಿ ಆಗದ ಹಾಗೆ ಬಳಸಿದ್ದಕ್ಕೂ ಇನ್ನೊಂದ್ಸಲ ಸವರ್ತದೆ. ಬೆಳಿಗ್ಗಿಂದ ಸಂಜೆವರೆಗೆ ಎಲ್ಲರದ್ದಕ್ಕೂ ಇದೇ ಬಟ್ಟೆ, ಇದೇ ಎಣ್ಣೆ."

ಒಬ್ಬರ ಉಗುರುಸುತ್ತಿನ ಕೀವು ಬಟ್ಟೆಗೆ, ಬಟ್ಟೆಯಿಂದ ಕುದಿಸಿದ ಕತ್ತರಿಗೆ, ಕತ್ತರಿಯಿಂದ ಸಬಿಹಾರ ನಡುಬೆರಳಿಗೆ. ಇಷ್ಟೇ ದಾರಿ. ಇದು ಅರ್ಥವಾದರೂ ನನ್ನ ಸಿಟ್ಟು ಇಳಿಯಲಿಲ್ಲ.

"ಎಣ್ಣೆ ಹಚ್ಚಲಿಕ್ಕೆ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ.

ಶೋಭಾ ಒಳಗೆ ಹೋಗಿ, ಗೋಡೆಯಿಂದ ಒಂದು ಚೌಕಟ್ಟನ್ನು ಬಿಡಿಸಿಕೊಂಡು ಬಂದು ನನ್ನ ತೊಡೆಯ ಮೇಲಿಟ್ಟಳು. ನನ್ನ ಆರು ಸೂಚನೆಗಳು, ಗಾಜು ಹಾಕಿಸಿ, ದೇವರ ಪಟದ ಬದಿಗೆ ತೂಗುಹಾಕಿದ್ದವು. ಐದನೆಯದು: "ತುಕ್ಕು ಹಿಡಿಯದಂತೆ ಪ್ರತಿ ಬಾರಿಯೂ ತೆಂಗಿನ ಎಣ್ಣೆಯನ್ನು ಲೇಪಿಸತಕ್ಕದ್ದು." ಕೆಳಗೆ ಸಹಿ, ಮೊಹರು.

"ಲೇಪಿಸತಕ್ಕದ್ದು ಹೇಳಿ ಬರದೀರಿ," ಎಂದಳು ಮೆಲ್ಲಗೆ. "ನಾ ಒಂದಿನಾನೂ ತಪ್ಪಿಸ್ಲಿಲ್ಲ ಸರ್."

ಪರ ವಿರೋಧ ಎರಡನ್ನೂ ವಾದಿಸಿ ಗೆದ್ದವನು ನನ್ನದೇ ಐದನೆಯ ಸೂಚನೆಯನ್ನು ಮತ್ತೊಮ್ಮೆ ಓದಿದೆ. ಕೈಯಲ್ಲಿ ನೋಟಿಸು, ತೊಡೆಯ ಮೇಲೆ ಚೌಕಟ್ಟು. ಅವಳು ಅಳುತ್ತಿದ್ದರೆ ಸಮಾಧಾನದ ಮಾತಾದರೂ ಹೇಳಬಹುದಿತ್ತು, ಅವಳು ಅಳಲಿಲ್ಲ. "ಮುಚ್ಚೂದಾ?" ಎಂದಷ್ಟೇ ಕೇಳಿದಳು.

ಮುಚ್ಚಲೇಬೇಕಿತ್ತು. ಮೂವರ ಬೆರಳು ಕೆಟ್ಟಿತ್ತು. "ಎಲ್ಲ ಸರಿಪಡಿಸುವವರೆಗೆ ಮಾತ್ರ," ಎಂದೆ. ಅವಳು ತಾನೇ ಬಾಗಿಲೆಳೆದು ಬೀಗ ಹಾಕಿದಳು. ಆದರೆ ಮುಚ್ಚಲು ಕಾರಣವನ್ನು ವರದಿಯಲ್ಲಿ ಹೇಗೆ ಬರೆಯುವುದು? "ಮಾಲೀಕರ ನಿರ್ಲಕ್ಷ್ಯ" ಎಂದು ಬರೆದರೆ ಕಡತ ಮುಗಿಯುತ್ತಿತ್ತು, ಅವಳ ಅಂಗಡಿಯೂ ಮುಗಿಯುತ್ತಿತ್ತು. ನಿರ್ಲಕ್ಷ್ಯವೆಂದು ದಾಖಲಾದ ಪಾರ್ಲರಿಗೆ ಮರಳಿ ಪರವಾನಗಿ ದೊರೆಯುವುದು ಕಷ್ಟ. ನಾನು ಬರೆದೆ: ಸೋಂಕು ಹರಡಿದ್ದು ಎಣ್ಣೆಯ ಬಟ್ಟೆಯಿಂದ, ಎಣ್ಣೆ ಹಚ್ಚಲು ಲಿಖಿತ ಸೂಚನೆ ನೀಡಿದವರು ಆರೋಗ್ಯ ನಿರೀಕ್ಷಕರು, ಒಳಗೆ ಹೋಗಿ ಕೆಲಸದ ಕ್ರಮವನ್ನು ನೋಡದೆ, ಹೊಳಪನ್ನು ಸ್ವಚ್ಛತೆಯೆಂದು ಭಾವಿಸಿ ಪ್ರಶಂಸಿಸಿದವರೂ ಅವರೇ.

ಮೇಲಧಿಕಾರಿಗಳು ಓದಿ ಕನ್ನಡಕ ತೆಗೆದರು. "ನಿವೃತ್ತಿ ಹತ್ರ ಬಂತು ನಿಮಗೆ. ಇದು ಬೇಕಾ?"

"ಸತ್ಯ ಅಲ್ವಾ ಸರ್?"

"ಸತ್ಯವೇ. ನೀವು ಇಷ್ಟು ಚುಟುಕಾಗಿ ಬರದದ್ದು ಇದೇ ಮೊದಲು, ಅದಕ್ಕೇ ಸಂಶಯ ಬಂತು," ಎಂದು ಸಹಿ ಮಾಡಿದರು. ಒಂದು ಪ್ರತಿ ಅರ್ಜಿದಾರರಿಗೆ ಹೋಯಿತು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ಎರಡು ಕಾಗುಣಿತ ದೋಷಗಳಿದ್ದವು, ನಾನು ತಿದ್ದಲಿಲ್ಲ.

ಮುಂದಿನ ವಾರಗಳಲ್ಲಿ ಶೋಭಾ, ನಾಗವೇಣಿ, ನಾನು ಸೇರಿ ಹೊಸ ಕ್ರಮ ಕಂಡುಕೊಂಡೆವು. ಹೆಚ್ಚು ಕಂಡುಕೊಂಡವರು ಅವರಿಬ್ಬರು. ನಾನು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಯ ದಾದಿಯರನ್ನು ಕೇಳಿ ಬರುವ ಓಡಾಟ ಮಾಡಿದೆ. ಬಳಸಿದ ಕತ್ತರಿಯನ್ನು ಮೊದಲು ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ ತೊಳೆಯುವುದು. ಪ್ರತಿ ಗಿರಾಕಿಯ ಉಪಕರಣಗಳನ್ನೂ ಬೇರೆ ಬೇರೆ ಬಟ್ಟೆಯ ಪೊಟ್ಟಣ ಕಟ್ಟಿ, ಕುಕ್ಕರಿನಲ್ಲಿ ನೀರಿಗೆ ತಾಗದಂತೆ ಮೇಲಿಟ್ಟು, ಹಬೆಯ ಒತ್ತಡದಲ್ಲಿ ಬೇಯಿಸುವುದು. ಬಾವಿಯ ನೀರಿನ ಬದಲು ಶುದ್ಧೀಕರಿಸಿದ ಕ್ಯಾನಿನ ನೀರು. ಪೊಟ್ಟಣ ಪೂರ್ತಿ ಒಣಗಿದ ಮೇಲೆ ಮುಚ್ಚಿದ ಡಬ್ಬಿಗೆ. ತುಕ್ಕು ಹಿಡಿಯುತ್ತಿದ್ದ ಅಗ್ಗದ ಕತ್ತರಿಗಳನ್ನು ಬಿಸಾಡಿ ಅಪ್ಪಟ ಸ್ಟೀಲಿನವು. ಉಗುರುಜ್ಜುವ ಪಟ್ಟಿ ಒಬ್ಬರಿಗೆ ಒಂದೇ ಸಲ. ಉಗುರಿನ ಬುಡದ ಚರ್ಮವನ್ನು ಕತ್ತರಿಸುವುದೇ ಇಲ್ಲ.

"ಎಷ್ಟು ಸೀಟಿ ಸರ್?" ಎಂದು ಶೋಭಾ ಕೇಳಿದಳು.

"ಸೀಟಿ ಲೆಕ್ಕ ಅಲ್ಲ. ಹಬೆ ಪೂರ್ತಿ ಬಂದ ಮೇಲೆ ಸಣ್ಣ ಉರೀಲಿ ಅರ್ಧ ಗಂಟೆ."

"ಅಷ್ಟೊತ್ತಿಗೆ ಕೋಳಿನೂ ಕರಗಿ ಹೋಗ್ತದೆ."

"ಕೋಳಿಯಲ್ಲಿ ಕಾಮಾಲೆ ವೈರಾಣು ಹುಡುಕೂದಿಲ್ಲ ಯಾರೂ," ಎಂದರು ನಾಗವೇಣಿ.

"ಬರದು ಕೊಡ್ತ್ರಾ ಸರ್?" ಎಂದು ಶೋಭಾ ಮತ್ತೆ ಕೇಳಿದಾಗ ನಾನು ಪೆನ್ನನ್ನು ನಾಗವೇಣಿಯವರ ಕೈಗಿತ್ತೆ. ಅವರು ಬರೆದರು. ನಾನು ಪಕ್ಕದಲ್ಲಿ ನಿಂತು, ಪ್ರತಿ ಸಾಲಿಗೂ ಶೋಭಾ ಅದನ್ನು ಮಾಡಿ ತೋರಿಸುವುದನ್ನು ನೋಡಿದೆ. ಗಿರಾಕಿಗಳಿಲ್ಲದ ಅಂಗಡಿಯಾದ್ದರಿಂದ ಅಡ್ಡಿಯಿರಲಿಲ್ಲ; ಪರದೆಯ ಒಳಗೆ ನಾನು ಹೋದದ್ದು ಅದೇ ಮೊದಲು. ಕಿರಿಯ ಮಿತ್ರರೇ, ತಪಾಸಣೆಯಲ್ಲಿ ಇದನ್ನೇ ನೋಡಿ: ವಸ್ತುವನ್ನಲ್ಲ, ಅದು ನಡೆದು ಬಂದ ದಾರಿಯನ್ನು. ನಿಮಗೆ ಒಳಗೆ ಹೋಗಲಾಗದಿದ್ದರೆ ಹೋಗಬಲ್ಲವರನ್ನು ಕಳಿಸಿ, ಅವರು ಹೇಳಿದ್ದನ್ನು ನಂಬಿ.

ಅಂಗಡಿ ಮತ್ತೆ ತೆರೆಯಿತು. ಗಿರಾಕಿಗಳು ಬರಲಿಲ್ಲ. ಹಳದೀಪುರದ ಬಸ್ಸಿನಲ್ಲಿ ಕೂಡ ಜನ "ಕೀವಿನ ಪಾರ್ಲರು" ಎಂದು ಮಾತನಾಡಿಕೊಳ್ಳುವುದನ್ನು ನಾನೇ ಕೇಳಿದೆ. ಒಂದು ತಿಂಗಳು, ಎರಡು ತಿಂಗಳು. ಶೋಭಾ ದಿನವೂ ಬಾಗಿಲು ತೆರೆದು, ಬಳಸದ ಪೊಟ್ಟಣಗಳನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ಬೇಯಿಸಿಡುತ್ತಿದ್ದಳು. ತಾಯಿಯೊಡನೆ ಬಳಚು ಬಿಡಿಸಲು ಕೂರುವ ಮಾತನ್ನೂ ಆಡಿದಳು. ಅವಳಿಗಾಗಿ ಒಂದು ಭಾಷಣ ಮಾಡಲೇ ಎಂದು ನಾನು ಕೇಳಿದಾಗ, "ಬೇಡ್ರಾ ಸರ್, ಬರ್ಬೇಕು ಅಂದ್ಕಂಡ ಒಬ್ರಿಬ್ರೂ ಬರೂದಿಲ್ಲ," ಎಂದು ಕೈಮುಗಿದಳು.

ನನ್ನ ನಿವೃತ್ತಿಗೆ ಕೆಲವೇ ದಿನಗಳಿದ್ದವು. ಒಂದು ಮಧ್ಯಾಹ್ನ ನಾನು, ನಾಗವೇಣಿ ಅಲ್ಲಿದ್ದಾಗ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಶೋಭಾ ಅವರನ್ನು ಕಂಡದ್ದೇ ಎದ್ದು ಗೋಡೆಗೆ ಒರಗಿದಳು. ಅದು ಸಬಿಹಾ.

ನಾನು ಎದ್ದು ಕ್ಷಮೆ ಕೇಳಲು ಬಾಯಿ ತೆರೆದೆ.

"ನಿಮ್ಮ ವರದಿ ಓದಿದೆ ಸರ್," ಎಂದರು ಅವರು. "ಮಕ್ಕಳಿಗೆ ಉತ್ತರ ಪತ್ರಿಕೆಯಲ್ಲಿ ಹೀಗೆ ನೇರ ಬರೀರಿ ಅಂತ ಹೇಳಿ ಹೇಳಿ ಸೋತಿದ್ದೇನೆ. ನೀವು ಕೂತ್ಕೊಳ್ಳಿ." ಆಮೇಲೆ ಶೋಭಾಳತ್ತ ತಿರುಗಿ, "ಒಂದು ಪೊಟ್ಟಣ ತಾ ಶೋಭಾ. ಇದು ನನಗಿಂತ ಮೊದಲು ಯಾರ ಕೈಗೆ ಹೋಗಿತ್ತು? ಅಲ್ಲಿಂದ ಇಲ್ಲಿವರೆಗೆ ಎಲ್ಲೆಲ್ಲಿ ಹೋಗಿ ಬಂತು? ಹೇಳು."

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅಂಗಡಿಗಳಲ್ಲಿ ಕೇಳಿದ್ದು "ಸ್ವಚ್ಛ ಉಂಟೋ?" ಎಂದು. ಆ ಪ್ರಶ್ನೆಗೆ ಜಗತ್ತಿನಲ್ಲಿ ಒಂದೇ ಉತ್ತರವಿದೆ.

ಶೋಭಾ ಹೇಳಿದಳು. ಯಾರ ಕೈಗೂ ಹೋಗಿಲ್ಲ, ಎರಡು ತಿಂಗಳಿಂದ ಯಾರೂ ಬಂದಿಲ್ಲ, ಆದರೂ ಇವತ್ತು ಬೆಳಿಗ್ಗೆ ತೊಳೆದು ಬೇಯಿಸಿದ್ದು, ಸೋಪಿನ ನೀರು, ಬ್ರಷ್ಷು, ಪೊಟ್ಟಣ, ಕುಕ್ಕರು, ಡಬ್ಬಿ, ಅಲ್ಲಿಂದ ನಿಮ್ಮೆದುರಿಗೆ. ಸಬಿಹಾ ತಡೆಯದೆ ಕೇಳಿದರು. ಕುಕ್ಕರಿನ ಮುಚ್ಚಳ ತೆಗೆಸಿ ನೋಡಿದರು. ಡಬ್ಬಿ ನೋಡಿದರು. ಕೈ ತೊಳೆದು ಬರಲು ಹೇಳಿ, ಅವಳು ಮೊಣಕೈವರೆಗೆ ತೊಳೆದದ್ದನ್ನು ನೋಡಿದರು.

ಆಮೇಲೆ ಕುರ್ಚಿ ಎಳೆದು ಕುಳಿತು, ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ನಡುಬೆರಳಿನಲ್ಲಿ ಹೊಸ ಉಗುರು ಮುಕ್ಕಾಲು ಬೆಳೆದಿತ್ತು, ಉಳಿದವಕ್ಕಿಂತ ತೆಳ್ಳಗೆ, ತುಸು ಅಲೆಅಲೆಯಾಗಿ.

"ಬಣ್ಣ ನೀನೇ ಆರಿಸು," ಎಂದರು. "ಈ ಒಂದಕ್ಕೆ ಮಾತ್ರ ಹಚ್ಚಬೇಡ. ಇನ್ನೂ ಎಳೆಯದು."